ಸೂಜಿ ಮುರಿದ ಜಾಗ

ಮಷಿನ್ನಿನ ಸೂಜಿ ಒಂದೇ ಜಾಗದಲ್ಲಿ ಮೂರನೇ ಸಲ ಮುರಿದಾಗ ನಾನು ಬೈದದ್ದು ಸೂಜಿ ಮಾರಿದ ಅಂಗಡಿಯವನನ್ನು. ಹದಿನೆಂಟು ನಂಬರಿನ ಸೂಜಿ ಅದು, ಜೀನ್ಸ್ ಪ್ಯಾಂಟು ಹೊಲಿಯುವಂಥದ್ದು, ಹಾಗೆಲ್ಲ ಮುರಿಯುವ ಜಾತಿಯಲ್ಲ. ಅವನಿಗೂ ಅವನ ಅಂಗಡಿಗೂ ಸೇರಿಸಿ ಬೈದು, ಅಲ್ಲಿ ನಾಲ್ಕು ಕೈಹೊಲಿಗೆ ಹಾಕಿ ಮುಂದೆ ಹೋದೆ. ಬಟ್ಟೆ ಬಿಚ್ಚಿ ಒಳಗೇನಿದೆ ಎಂದು ನೋಡಬಹುದಿತ್ತು. ನೋಡಲಿಲ್ಲ. ಈ ಕಥೆಯಲ್ಲಿ ನಾನು ಸಿಟ್ಟು ಮಾಡಿಕೊಳ್ಳುವ ಜನರ ಪಟ್ಟಿ ದೊಡ್ಡದಿದೆ, ಅದರಲ್ಲಿ ಮೊದಲ ಹೆಸರು ನನ್ನದೇ.

ಆಗ ನಾವು ಗೋವಾದ ಮಡಗಾಂವಿನಲ್ಲಿ, ಮೋತಿ ಡೊಂಗರ್ ಎಂಬ ಗುಡ್ಡದ ಓಣಿಯಲ್ಲಿದ್ದೆವು. ನಮ್ಮ ಮನೆಯವರು ಕುಂಡಯಿಯ ಒಂದು ಕಾರ್ಖಾನೆಗೆ ದಿನಗೂಲಿಗೆ ಹೋಗುತ್ತಿದ್ದರು. ನಾನೂ ಮೂರು ವರ್ಷ ಕಟ್ಟಡದ ಕೆಲಸದಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತೆ, ಸೊಂಟ ಕೈಕೊಟ್ಟಿತು. ಆಮೇಲೆ ಹಿಡಿದದ್ದು ಹೊಲಿಗೆ. ಪೇಟೆಯಲ್ಲಿ ಮನೆ ಅಲಂಕಾರದ ಸಾಮಾನು ಮಾರುವ ಹೆಂಗಸೊಬ್ಬಳಿದ್ದಳು. ಗೋವಾದಲ್ಲಿ ಅಂಥವರನ್ನು ಗೌರವದಿಂದ ಬಾಯಿ ಎನ್ನುವುದು ರೂಢಿ, ಆದ್ದರಿಂದ ನಾವೂ ಅವಳನ್ನು ಅಂಗಡಿ ಬಾಯಿ ಎನ್ನುತ್ತಿದ್ದೆವು. ಅವಳು ಪರದೆ, ದಿಂಬಿನ ಚೀಲ ಅಂತ ಕೆಲಸ ಕೊಡುತ್ತಿದ್ದಳು. ಕೂತು ಮಾಡುವ ಕೆಲಸ. ಅದು ತಪ್ಪಿದರೆ ನನಗೆ ಮತ್ತೆ ಬುಟ್ಟಿಯೇ ಗತಿ.

ಮಳೆಗಾಲ ಮುಗಿದು ಪ್ರವಾಸಿಗರು ಬರಲು ಶುರುವಾದ ಹೊತ್ತಿನಲ್ಲಿ ಬಾಯಿ ನನ್ನನ್ನು ಕರೆಸಿ ಒಂದು ಮೂಟೆ ಕೊಟ್ಟಳು. ಒಳಗೆ ಬಟ್ಟೆಯ ಪಟ್ಟಿಗಳು, ಎರಡೂವರೆ ಇಂಚು ಅಗಲ, ಒಂದಾಳುದ್ದ, ಎಣಿಸಿದರೆ ನಲವತ್ತು. ಎಲ್ಲವನ್ನೂ ಒಂದೇ ಕಡುನೀಲಿ ಬಣ್ಣದಲ್ಲಿ ಅದ್ದಿ ತೆಗೆಯಲಾಗಿತ್ತು. ಮುಟ್ಟಿದ ತಕ್ಷಣ ಗೊತ್ತಾಯಿತು, ಇವು ಕೌದಿ ಕತ್ತರಿಸಿದ ಪಟ್ಟಿಗಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆ ಕೂಡಿಸಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿದ ನಮ್ಮ ಕಡೆಯ ಕೌದಿ. ಎಲ್ಲಿಂದ ತಂದಿರಿ ಎಂದು ಕೇಳಿದೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನ ಹತ್ತಿರ ಸಿಕ್ಕವು ಅಂದಳು. ನಂಬದಿರಲು ಕಾರಣವಿರಲಿಲ್ಲ. ನಮ್ಮ ಓಣಿಯಲ್ಲೇ ಹರಿದ ಕೌದಿ ಕೊಟ್ಟು ಡಬ್ಬಿ ತೆಗೆದುಕೊಂಡವರು ಎಷ್ಟೋ ಜನ ಇದ್ದರು.

ಅವಳಿಗೆ ಬೇಕಿದ್ದದ್ದು ನೆಲಹಾಸು. ಪರದೇಶದ ಪತ್ರಿಕೆಯೊಂದರಿಂದ ಹರಿದ ಹಾಳೆ ತೋರಿಸಿದಳು. ಪಟ್ಟಿಗಳನ್ನು ಮಡಚಿ ಹಗ್ಗದಂತೆ ಮಾಡಿ, ಸುತ್ತು ಸುತ್ತಾಗಿ ಸುತ್ತಿ, ಸುತ್ತುಗಳನ್ನು ಒಂದಕ್ಕೊಂದು ಹೊಲಿದ ಮೊಟ್ಟೆಯಾಕಾರದ ಹಾಸು. ಆರಡಿ ಉದ್ದ, ನಾಲ್ಕಡಿ ಅಗಲ ಬೇಕು. ಸಮುದ್ರದ ಕಡೆ ಹೊಸ ಬಂಗಲೆ ಕಟ್ಟಿಸಿದ ಯಾರೋ ಬಾಗಿಲ ಒಳಗೆ ಹಾಸಲು ಕೇಳಿದ್ದಾರೆ, ಹದಿನೈದು ದಿನದಲ್ಲಿ ಕೊಡಬೇಕು ಅಂದಳು. ಕೌದಿಯನ್ನು ಕಾಲಲ್ಲಿ ತುಳಿಯುವುದು ನಮ್ಮಲ್ಲಿಲ್ಲ. ಮಲಗಿದವರ ಕೌದಿಯನ್ನು ದಾಟಿಕೊಂಡು ಹೋದರೂ ಹಿರಿಯರು ಗದರುತ್ತಾರೆ. ಮನಸ್ಸು ಹಿಂಜರಿಯಿತು. ಆದರೆ ಸೊಂಟ ಮೊದಲು ಹೂಂ ಅಂದಿತು.

ಮೊದಲ ಮೂರು ದಿನ ಹಗ್ಗ ಮಾಡುವುದರಲ್ಲೇ ಹೋಯಿತು. ಪಟ್ಟಿಯ ಎರಡೂ ಅಂಚನ್ನು ಕಾಲಿಂಚಿನಷ್ಟು ಒಳಗೆ ಮಡಚಿ, ಮತ್ತೆ ಉದ್ದಕ್ಕೆ ಅರ್ಧ ಮಡಚಿ, ಬಿಸಿ ಇಸ್ತ್ರಿ ಎಳೆದು, ಅಂಚಿನಲ್ಲಿ ಮಷಿನ್ ಹೊಲಿಗೆ. ಹೀಗೆ ಒಂದಿಂಚು ಅಗಲದ ದಪ್ಪ ನಾಡ, ಅಂದರೆ ಲಾಡಿ, ಸಿಗುತ್ತದೆ. ಸೀರೆಗಳು ಸವೆದು ತೆಳುವಾಗಿದ್ದರೂ ಮಡಿಕೆ ಸೇರಿದರೆ ಹನ್ನೆರಡು ಪದರ. ನನ್ನ ತುಳಿಯುವ ಮಷಿನ್ ಅಷ್ಟು ದಪ್ಪವನ್ನು ನುಂಗುತ್ತಿರಲಿಲ್ಲ. ಒತ್ತುವ ಪಾದದ ಬಿಗಿ ಸಡಿಲಿಸಿ, ಹೊಲಿಗೆ ಉದ್ದ ಮಾಡಿ, ಬಲಗೈಯಿಂದ ಚಕ್ರ ತಿರುಗಿಸುತ್ತ ನಡೆಸಬೇಕಿತ್ತು. ಪಟ್ಟಿಗೆ ಪಟ್ಟಿ ಜೋಡಿಸುವಾಗ ತುದಿಗಳನ್ನು ಓರೆಯಾಗಿ ಕೂಡಿಸಬೇಕು, ನೇರ ಕೂಡಿಸಿದರೆ ಅಲ್ಲಿ ಗಂಟಿನಂತೆ ಎದ್ದು ನಿಲ್ಲುತ್ತದೆ. ಸೂಜಿ ಮುರಿದದ್ದು ಈ ದಿನಗಳಲ್ಲೇ, ಮೂವತ್ತನೆಯದೋ ಮೂವತ್ತೊಂದನೆಯದೋ ಪಟ್ಟಿಯ ತುದಿಯಲ್ಲಿ. ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿತ್ತು. ದಾರದ ಗಂಟು ಇರಬೇಕು ಅಂದುಕೊಂಡೆ.

ಪಟ್ಟಿಗಳಲ್ಲಿ ಎರಡು ಬಗೆಯ ಹೊಲಿಗೆ ಇರುವುದನ್ನೂ ನೋಡಿದೆ. ಅರ್ಧದಷ್ಟರಲ್ಲಿ ಸಾಲುಗಳು ಒತ್ತೊತ್ತಾಗಿ ನೇರವಾಗಿದ್ದವು. ಇನ್ನರ್ಧದಲ್ಲಿ ಟಾಕುಗಳು, ಅಂದರೆ ಒಂದೊಂದು ಬಿಡಿ ಹೊಲಿಗೆ, ಉದ್ದವಾಗಿದ್ದವು, ಸಾಲು ಅಲ್ಲಲ್ಲಿ ತುಸು ಅಲೆದಾಡಿತ್ತು. ಇಬ್ಬರು ಹೊಲಿದ ಎರಡು ಕೌದಿ ಅಂದುಕೊಂಡು ಸುಮ್ಮನಾದೆ.

ನಾಲ್ಕನೆಯ ದಿನ ಸುತ್ತಲು ಕುಳಿತೆ. ಇಲ್ಲಿ ಒಂದು ಲೆಕ್ಕವಿದೆ. ಹಾಸಿನ ಉದ್ದದಲ್ಲಿ ಅಗಲ ಕಳೆದರೆ ಉಳಿಯುವಷ್ಟು ಉದ್ದಕ್ಕೆ ನಾಡವನ್ನು ಮೊದಲು ನೇರವಾಗಿ ಹಾಸಬೇಕು. ಆರರಲ್ಲಿ ನಾಲ್ಕು ಕಳೆದರೆ ಎರಡಡಿ. ಅಲ್ಲಿಂದ ನಾಡವನ್ನು ಹಿಂದಕ್ಕೆ ತಿರುಗಿಸಿ ಪಕ್ಕದಲ್ಲಿ ಹೊಂದಿಸಿ, ಮತ್ತೆ ತಿರುಗಿಸಿ, ಹೀಗೆ ಒಳಗಿನಿಂದ ಹೊರಗೆ ಬೆಳೆಯಬೇಕು. ಸುತ್ತಿಗೆ ಸುತ್ತನ್ನು ಕೂಡಿಸಲು ನನ್ನ ಮಷಿನ್ ಬರುವುದಿಲ್ಲ. ಮೇಣದ ಬತ್ತಿಗೆ ಉಜ್ಜಿದ ದಪ್ಪ ದಾರ, ದಬ್ಬಣ, ಕೈಹೊಲಿಗೆ.

ಕೌದಿ ಹೊಲಿದ ಕೈ ಇಲ್ಲಿ ನನಗೆ ಶತ್ರುವಾಯಿತು. ಕೌದಿಯನ್ನು ಹೊರ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತೇವೆ, ಪ್ರತಿ ಟಾಕಿಗೂ ದಾರವನ್ನು ಜಗ್ಗಿ ಬಿಗಿ ಮಾಡುತ್ತೇವೆ. ಸಡಿಲ ಬಿಟ್ಟರೆ ಪದರಗಳು ಜಾರುತ್ತವೆ. ಚಿಕ್ಕಂದಿನಿಂದ ಬೆರಳಿಗೆ ಅದೇ ಪಾಠ. ಏಳನೆಯ ಸುತ್ತಿಗೆ ಬರುವಷ್ಟರಲ್ಲಿ ನನ್ನ ನೆಲಹಾಸು ನೆಲ ಬಿಟ್ಟು ಅಂಚು ಮೇಲೆತ್ತಿ ಬೋಗುಣಿಯಾಗಿತ್ತು. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದೆ. ರುಬ್ಬುವ ಕಲ್ಲು ಹೇರಿ ಇಡೀ ಒಂದು ದಿನ ಬಿಟ್ಟೆ. ಕಲ್ಲು ಎತ್ತಿದ ಕೂಡಲೇ ಮತ್ತೆ ಎದ್ದು ಕುಳಿತಿತು.

ಏನು ಮಾಡಲೆಂದು ತೋಚದೆ ಅದನ್ನೇ ಅಂಗಡಿಗೆ ಒಯ್ದೆ. ಪತ್ರಿಕೆಯ ಹಾಳೆಯಲ್ಲಿ ಹೊಲಿಯುವ ರೀತಿ ಬರೆದಿದ್ದರೆ ಓದಿ ಹೇಳಲಿ ಅಂತ. ಬಾಯಿ ಅದನ್ನು ನೆಲಕ್ಕೆ ಹಾಕಿದಳು, ಚಪ್ಪಲಿ ಕಾಲಿನಲ್ಲಿ ಅದರ ಅಂಚನ್ನು ಒತ್ತಿದಳು, ಕಾಲು ತೆಗೆದಳು. ಅದು ಎದ್ದು ನಿಂತಿತು. ಮತ್ತೆ ಒತ್ತಿದಳು. ಅಂಗಡಿಯಲ್ಲಿದ್ದ ಗಿರಾಕಿಯೊಬ್ಬಳಿಗೆ ಕೊಂಕಣಿಯಲ್ಲಿ ಹೇಳಿ ನಕ್ಕಳು. ಘಾಟಿಗಳ ಕೈ ಕಲ್ಲು ಹೊರುವುದಕ್ಕೇ ಸರಿ ಎಂಬುದು ಆ ಮಾತು. ಘಟ್ಟದ ಮೇಲಿನವರಾದ ನಮ್ಮನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅಷ್ಟು ವರ್ಷ ಅಲ್ಲಿದ್ದ ನನಗೆ ಅಷ್ಟು ಕೊಂಕಣಿ ಅರ್ಥವಾಗುವುದಿಲ್ಲ ಎಂದು ಅವಳು ತಿಳಿದಿದ್ದರೆ ಅದೂ ಒಂದು ಅವಮಾನವೇ. ಹಾಳೆಯಲ್ಲಿ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಮೈಯೆಲ್ಲ ಉರಿಯುತ್ತ ಗುಡ್ಡ ಹತ್ತಿದೆ.

ಸಿಟ್ಟಿನಲ್ಲಿ ಕೂತು ಬ್ಲೇಡಿನಿಂದ ಮೂರನೆಯ ಸುತ್ತಿನವರೆಗೂ ಬಿಚ್ಚಿದೆ. ಬಿಚ್ಚುವಾಗಲೇ ತಿಳಿದದ್ದು. ನೇರ ಭಾಗದಲ್ಲಿ ಹೊಲಿಗೆ ಸರಿಯಾಗಿಯೇ ಇತ್ತು, ತಿರುವುಗಳಲ್ಲಿ ನಾಡ ಹಿಗ್ಗಿ ಬಿಗಿದುಕೊಂಡಿತ್ತು. ಹೊರಗಿನ ಸುತ್ತು ಒಳಗಿನದಕ್ಕಿಂತ ಉದ್ದವಿರಬೇಕು, ನಾನು ಜಗ್ಗಿ ಜಗ್ಗಿ ಎರಡನ್ನೂ ಸಮ ಮಾಡಿದ್ದೆ. ಎರಡನೇ ಸಲ ತಿರುವಿನಲ್ಲಿ ನಾಡವನ್ನು ಎಳೆಯದೆ, ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿ ತಳ್ಳಿ, ತುಸು ಹೆಚ್ಚೇ ಕೊಟ್ಟು ಕೂರಿಸಿದೆ. ಮಡಿಲಲ್ಲಿಟ್ಟು ಹೊಲಿಯುವುದನ್ನು ಬಿಟ್ಟು ನೆಲದ ಮೇಲೆಯೇ ಹಾಸಿಟ್ಟು ಹೊಲಿದೆ. ಟಾಕು ಹಾಕಿದ ಮೇಲೆ ದಾರವನ್ನು ಬಿಗಿಯುವ ಮೊದಲೇ ಕೈ ನಿಲ್ಲಿಸುವುದು, ಅದೇ ಎಲ್ಲಕ್ಕಿಂತ ಕಷ್ಟ. ಪ್ರತಿ ಸುತ್ತು ಮುಗಿದಾಗ ಅಂಗೈ ಆಡಿಸಿ ನೋಡುತ್ತಿದ್ದೆ. ಎರಡು ದಿನದಲ್ಲಿ ಹದಿನಾರು ಸುತ್ತಾಯಿತು. ಹಾಸು ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಲ್ಲು ಹೊರುವ ಕೈ ಅಂದವಳ ಮುಖದ ಮುಂದೆ ಇದನ್ನು ಬಿಚ್ಚಿ ಹಾಸುವ ಗಳಿಗೆಯನ್ನೇ ನೆನೆಯುತ್ತಿದ್ದೆ.

ಸೂಜಿ ಮುರಿದ ಜಾಗ ಬಂದದ್ದು ಹದಿನೇಳನೆಯ ಸುತ್ತಿನಲ್ಲಿ, ಅದೂ ಸರಿಯಾಗಿ ತಿರುವಿನಲ್ಲಿ. ಆ ಗಟ್ಟಿ ಉಬ್ಬು ನಾಡವನ್ನು ಮಲಗಲು ಬಿಡಲಿಲ್ಲ. ಹೇಗೆ ತಿರುಗಿಸಿದರೂ ಎದ್ದು ಕಾಣುತ್ತಿತ್ತು. ಕೊನೆಗೆ ಬ್ಲೇಡು ಹಾಕಿ ಅಲ್ಲಿನ ಹೊಲಿಗೆ ಬಿಡಿಸಿ, ಪದರಗಳ ನಡುವೆ ಬೆರಳು ತೂರಿಸಿದೆ.

ಒಂದು ಚಿಕ್ಕ ಬಟ್ಟೆಯ ಗಂಟು ಹೊರಬಂತು. ಬಿಚ್ಚಿದರೆ ಅರಿಶಿನ ಕೊಂಬಿನ ಒಂದು ತುಂಡು, ಐದು ಜೋಳದ ಕಾಳು. ಕೊಂಬಿನ ಮೇಲೆ ನನ್ನ ಸೂಜಿ ಕೊರೆದ ಗುರುತು. ಜೋಳ ಬಣ್ಣದ ಬಿಸಿನೀರಿನಲ್ಲಿ ಬೆಂದು, ಉಬ್ಬಿ, ಮತ್ತೆ ಒಣಗಿ ನೀಲಿಯಾಗಿತ್ತು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರ ಹೊಟ್ಟೆ ತುಂಬಿಸುವುದು ನಮ್ಮ ಪದ್ಧತಿ. ಹೆಚ್ಚಿನವರು ರೊಟ್ಟಿಯ ಚೂರು ಇಡುತ್ತಾರೆ, ಅನುಕೂಲವಿದ್ದವರು ಹೋಳಿಗೆ. ಅರಿಶಿನದ ಜೊತೆ ಐದು ಕಾಳು ಜೋಳವನ್ನು ಗಂಟು ಕಟ್ಟಿ ಇಡುವವಳು ನಮ್ಮ ಓಣಿಯಲ್ಲಿ ಒಬ್ಬಳೇ. ಮೂರು ಮನೆ ಆಚೆಯ ಕಾಕಿ. ಸಂಬಂಧದಿಂದಲ್ಲ, ಬಳಕೆಯಿಂದ ಕಾಕಿ. ಗೋವಾದ ಹಸಿ ಹವೆಯಲ್ಲಿ ರೊಟ್ಟಿ ಇಟ್ಟರೆ ಇರುವೆ ಮುತ್ತುತ್ತದೆ ಎಂದು ಅವಳೇ ಮಾಡಿಕೊಂಡ ಉಪಾಯ ಅದು. ನಾನು ಒಮ್ಮೆ ನಕ್ಕಿದ್ದಕ್ಕೆ ಅವಳು ಹೇಳಿದ್ದಳು, "ಮಂದೀನ ಬೆಚ್ಚಗ ಇಡತೈತಿ ಅದು. ಅದರ ಹೊಟ್ಟಿ ಖಾಲಿ ಇರಬಾರದವ್ವ."

ಹಿಂದಿನ ವರ್ಷ ಅಂಗಡಿ ಬಾಯಿ ಪ್ರದರ್ಶನಕ್ಕೆ ಇಡಲು ಹಳೆಯ ಕೌದಿ ಬೇಕು, ಮಾರುವುದಿಲ್ಲ, ಮಳೆಗಾಲಕ್ಕೆ ಮೊದಲು ವಾಪಸ್ಸು ಎಂದಾಗ, ಕಾಕಿಯ ಮನೆಯಿಂದ ಎರಡು ಕೌದಿ ಒಯ್ದು ಕೊಟ್ಟವಳು ನಾನು. ಒಂದು ಅವಳು ವಯಸ್ಸಿನಲ್ಲಿದ್ದಾಗ ಹೊಲಿದದ್ದು. ಇನ್ನೊಂದು, ಕಣ್ಣಿಗೆ ಪೊರೆ ಬಂದ ಮೇಲೆ, ತೀರಿಕೊಂಡ ಮಗಳ ಸೀರೆಗಳನ್ನೆಲ್ಲ ಸೇರಿಸಿ ಹೊಲಿದದ್ದು. ಮಗಳ ಮಗಳನ್ನು ಕಾಕಿಯೇ ಸಾಕಿದ್ದಳು, ಮುಂದೆ ಅವಳ ಬಾಣಂತನಕ್ಕೆಂದು ಮೊದಲೇ ಹೊಲಿದಿಟ್ಟ ಕೌದಿ ಅದು. ಹುಟ್ಟುವ ಕೂಸು ತನ್ನ ಅಜ್ಜಿಯ ಸೀರೆಯಲ್ಲಿ ಮಲಗಲಿ ಎಂದು. ಕಾಕಿ ಕೊಡಲು ಒಪ್ಪಿರಲಿಲ್ಲ. ನಾನು ಬಾಯಿಯ ಕಣ್ಣಲ್ಲಿ ಒಳ್ಳೆಯವಳಾಗಬೇಕೆಂದು, ನಾಲ್ಕು ಸಲ ಹೋಗಿ ಕೂತು, ಜವಾಬ್ದಾರಿ ನನ್ನದು ಅಂತ ಪುಸಲಾಯಿಸಿ ತಂದಿದ್ದೆ. ಮಳೆಗಾಲ ಕಳೆದ ಮೇಲೆ ಕೇಳಿದರೆ ಬೂಷ್ಟು ಹಿಡಿದು ಹಾಳಾದವು, ಎಸೆದೆ ಅಂದಳು ಬಾಯಿ. ಬದಲಿಗೆ ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಹೊಸ ಬೆಡ್‌ಶೀಟ್ ಕೊಟ್ಟಳು. ಕಾಕಿ ಅದನ್ನು ಚೀಲದಿಂದ ತೆಗೆಯಲೇ ಇಲ್ಲ, ಗೋಡೆಯ ಮೊಳೆಗೆ ನೇತುಹಾಕಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಎಸೆದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಕತ್ತರಿಸಿ, ಬಣ್ಣದಲ್ಲಿ ಬೇಯಿಸಿ, ಅದನ್ನು ಕಾಲಡಿ ಹಾಕಲು ಹೊಲಿ ಎಂದು ನನ್ನ ಕೈಗೇ ಕೊಟ್ಟಿದ್ದಳು. ಒಂದೊಂದು ಓಣಿಯ ಹೊಲಿಗೆಗೂ ಒಂದು ಗುರುತಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ಅನಿಸಿಯೂ ಇರಲಿಲ್ಲ. ನಮ್ಮ ಕೈಕೆಲಸವೆಲ್ಲ ಅವಳಿಗೆ ಒಂದೇ ಚಿಂದಿ.

ಗಂಟು ಹಿಡಿದುಕೊಂಡು ಕಾಕಿಯ ಮನೆಗೆ ಹೋದೆ. ಮಧ್ಯಾಹ್ನ ಊಟವಾಗಿತ್ತು. ಮೊಮ್ಮಗಳು ದಿನ ತುಂಬಿದವಳು, ಒಳಗೆ ಮಲಗಿದ್ದಳು. ಕಾಕಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ. ಎಲ್ಲ ಹೇಳಿ ಗಂಟನ್ನು ಅವಳ ಅಂಗೈಗೆ ಹಾಕಿದೆ. ಅವಳು ಕಾಳುಗಳನ್ನು ಒಂದೊಂದಾಗಿ ಮುಟ್ಟಿದಳು. ಕೊಂಬನ್ನು ಹೊರಳಿಸಿ ನನ್ನ ಸೂಜಿಯ ಗುರುತಿನ ಮೇಲೆ ಉಗುರು ಆಡಿಸಿದಳು. ಆಮೇಲೆ ಹೇಳಿದಳು, "ಇದು ನಂದಲ್ಲ."

"ಕಾಕಿ, ಸರಿಯಾಗಿ ನೋಡ. ಇಂಥಾ ಗಂಟು ನಿನ್ನ ಬಿಟ್ರ ಯಾರು ಇಡತಾರ?"

"ಕಣ್ಣ ಹೋಗ್ಯಾವ, ಕೈ ಹೋಗಿಲ್ಲ ನಂದು. ನಂದಲ್ಲ ಅಂದ್ರ ಅಲ್ಲ. ನಿನ್ನ ಕೆಲಸಾ ಮುಗಸು, ಕೊಟ್ಟ ಬಾ."

ಅಷ್ಟು ಹೇಳಿ ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ತನ್ನದನ್ನು ತನ್ನದು ಅನ್ನಲು ಏನು ಧಾಡಿ ಇವಳಿಗೆ ಎಂದು ಗೊಣಗುತ್ತ ಮನೆಗೆ ಬಂದೆ. ಅವಳು ಗಂಟನ್ನು ನನಗೆ ವಾಪಸ್ಸು ಕೊಟ್ಟಿಲ್ಲ ಎಂಬುದು ಮನೆ ಸೇರಿದ ಮೇಲೆ ಹೊಳೆಯಿತು.

ಒಂದೆರಡು ಗಂಟೆ ಏನೂ ಮಾಡದೆ ಕೂತೆ. ಕಾಕಿಯೇ ಅಲ್ಲ ಅಂದ ಮೇಲೆ ನನಗೇನು, ಇನ್ನು ಕೆಲವೇ ಸುತ್ತು, ಮುಗಿಸಿ ಕೊಟ್ಟರೆ ಕೆಲಸ ಉಳಿಯುತ್ತದೆ. ಮೊಮ್ಮಗಳಿಗೆ ಬೇರೆ ಕೌದಿ ಹೊಲಿದು ಕೊಟ್ಟರಾಯಿತು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡು, ಉಬ್ಬಿದ್ದ ಜಾಗವನ್ನು ಮುಚ್ಚಿ ಹದಿನೇಳನೆಯ ಸುತ್ತು ಮುಗಿಸಿದೆ. ಈಗ ಉಬ್ಬಿರಲಿಲ್ಲ, ಚೆನ್ನಾಗಿಯೇ ಕೂತಿತು.

ಸಂಜೆ ನಮ್ಮ ಮನೆಯವರು ಕುಂಡಯಿಯಿಂದ ಬಂದರು. ಹೊರಗೆ ಕಾಲು ತೊಳೆದು, ಒಳಗೆ ಬಂದವರು ಹಾಸನ್ನು ನೋಡಿ ಮುಖ ಅರಳಿಸಿ ಅದರ ಮೇಲೆ ನಿಂತರು. ಪಾಪ, ನನ್ನನ್ನು ಹೊಗಳಲೆಂದೇ ನಿಂತದ್ದು. "ಭಾಳ ಮೆತ್ತಗ ಐತಿ, ಚಲೋ ಬಂದೈತಿ" ಅಂದರು. ಅವರ ಹಸಿ ಹಿಮ್ಮಡಿ ನಾನು ಗಂಟು ತೆಗೆದ ಜಾಗದ ಮೇಲೇ ಇತ್ತು.

ನಾನು ಕೂಗಿಕೊಂಡ ರೀತಿಗೆ ಅವರು ಎರಡು ಹೆಜ್ಜೆ ಹಿಂದೆ ಜಿಗಿದರು. ಎಲ್ಲವನ್ನೂ ಹೇಳಿದೆ, ಅಳುತ್ತಲ್ಲ, ಬೈಯುತ್ತ. ಬಾಯಿಯನ್ನು, ಕಾಕಿಯನ್ನು, ನನ್ನನ್ನು, ಏನೂ ತಪ್ಪು ಮಾಡದ ಅವರನ್ನೂ. ಅವರು ಗೋಡೆಗೆ ಒರಗಿ ಕೊನೆಯವರೆಗೂ ಕೇಳಿದರು. ಆಮೇಲೆ, "ಹಂಗಾರ ಬಿಚ್ಚ" ಅಂದರು. ಬಿಚ್ಚಿದರೆ ಬುಟ್ಟಿ ಹೊರಬೇಕಾದೀತು ಅಂದೆ. "ಅದು ನಂಗೂ ಗೊತ್ತೈತಿ" ಅಂದು ಬ್ಲೇಡು ಹುಡುಕಲು ಎದ್ದರು.

ಮರುದಿನ ಬೆಳಿಗ್ಗೆಯಿಂದ ಬಿಚ್ಚತೊಡಗಿದೆ. ಹೊಲಿಯುವುದಕ್ಕಿಂತ ಬಿಚ್ಚುವುದು ನಿಧಾನ, ನಾಲ್ಕು ದಿನ ಹಿಡಿಯಿತು. ಮಷಿನ್ ಹೊಲಿಗೆಯನ್ನು ನಾಲ್ಕು ಟಾಕಿಗೊಮ್ಮೆ ಕತ್ತರಿಸಿ ಎಳೆಯಬೇಕು, ಒಳಗಿನ ಕಾಕಿಯ ದಾರಕ್ಕೆ ಬ್ಲೇಡು ತಾಗಬಾರದು. ಮಡಿಕೆ ಬಿಡಿಸಿ ನೀರು ಚಿಮುಕಿಸಿ ಇಸ್ತ್ರಿ ಮಾಡಿ ನಲವತ್ತು ಪಟ್ಟಿಗಳನ್ನೂ ನೆಲದ ಮೇಲೆ ಸಾಲಾಗಿ ಹಾಕಿದೆ. ಎಲ್ಲವೂ ಒಂದೇ ನೀಲಿ. ಯಾವುದರ ಪಕ್ಕ ಯಾವುದು ಇತ್ತೆಂದು ಬಣ್ಣ ಹೇಳುವುದಿಲ್ಲ.

ಹೊಲಿಗೆ ಹೇಳಿತು. ಉದ್ದ ಟಾಕಿನ, ಅಲೆದಾಡಿದ ಸಾಲಿನ ಪಟ್ಟಿಗಳನ್ನು ಬೇರೆ ಮಾಡಿದೆ, ಇಪ್ಪತ್ತು. ಮೊಮ್ಮಗಳ ಕೌದಿ ಅದು. ಕೌದಿಯ ಹೊಲಿಗೆ ಅಂಚಿನಿಂದ ಒಳಕ್ಕೆ ಚೌಕಚೌಕವಾಗಿ ಬರುವುದರಿಂದ, ಪಟ್ಟಿಯ ತುದಿಯಲ್ಲಿ ಅಡ್ಡ ಸಾಲು ಎಷ್ಟು ಹೆಚ್ಚಿದೆಯೋ ಅಷ್ಟು ನಡುವಿನ ಪಟ್ಟಿ ಅದು. ಅಂಚಿನ ಪಟ್ಟಿಯಲ್ಲಿ ಸಾಲುಗಳು ತುದಿಯವರೆಗೂ ಓಡಿ ಅಲ್ಲೇ ತಿರುಗುತ್ತವೆ. ಅಡ್ಡ ಸಾಲುಗಳನ್ನು ಎಣಿಸಿ ಎಣಿಸಿ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿದೆ. ಐದನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಾಕಿಯ ಸಾಲುಗಳು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುವುದು ಕಣ್ಣಿಗೆ ಕಾಣಿಸಿತು. ಮೂರು ಪಟ್ಟಿ ತಿರುವಿನಲ್ಲಿ ಹಿಂಜಿ ಹೋಗಿದ್ದವು, ಅವುಗಳಿಗೆ ಹಿಂದಿನಿಂದ ಇನ್ನೊಂದು ಕೌದಿಯ ತುಂಡು ಕೊಟ್ಟೆ. ಪಟ್ಟಿಯ ಮೇಲೆ ಪಟ್ಟಿ ಅರ್ಧ ಇಂಚು ಹತ್ತಿಸಿ ಕೈಯಿಂದ ಎರಡು ಸಾಲು ಹೊಲಿಯುತ್ತ ಬಂದೆ. ಅಗಲದಲ್ಲಿ ಒಂದು ಗೇಣಿನಷ್ಟು ಹೋಯಿತು. ತಾಯಿ ಕೂಸು ಇಬ್ಬರಿಗೆಂದು ಹೊಲಿದದ್ದು ಈಗ ಒತ್ತಿಕೊಂಡು ಮಲಗಿದರೆ ಮಾತ್ರ ಸಾಲುತ್ತದೆ. ಆ ಗೇಣಿನ ಲೆಕ್ಕ ಬಾಯಿಯ ತಲೆಯ ಮೇಲಿದೆ ಎಂದು ಈಗಲೂ ಅನ್ನುತ್ತೇನೆ.

ಹದಿನೈದನೆಯ ದಿನ ಅಂಗಡಿಗೆ ಹೊರಟೆ. ದಾರಿಯಲ್ಲಿ ಕಾಕಿಯ ಮನೆಗೆ ಹೋಗಿ ಮೊಳೆಯ ಮೇಲಿದ್ದ ಬೆಡ್‌ಶೀಟಿನ ಚೀಲವನ್ನು ತೆಗೆದುಕೊಂಡೆ. ಕಾಕಿ ನೋಡುತ್ತ ಕೂತಿದ್ದಳು.

ಗಿರಾಕಿ ಸಂಜೆ ಬರುತ್ತಾನೆ, ಹಾಸು ಎಲ್ಲಿ ಎಂದು ಬಾಯಿ ಕೇಳಿದಳು. ಬಿಚ್ಚಿದೆ, ಅದು ನಮ್ಮ ಕಾಕಿಯ ಕೌದಿ ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ನಾಚುತ್ತಾಳೆ ಎಂದು ಎಲ್ಲೋ ಒಂದು ಆಸೆ ಇತ್ತು. ಅವಳು ಸುಳ್ಳನ್ನು ಮುಂದುವರಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಹೌದು, ಅದೇ, ಬೂಷ್ಟು ಹಿಡಿದ ಹಳೇ ಚಿಂದಿಗೆ ಹೊಸ ಬೆಡ್‌ಶೀಟ್ ಕೊಟ್ಟಿಲ್ಲವೇ, ಅದಕ್ಕಿಂತ ಇನ್ನೇನು ಬೇಕು ನಿಮಗೆ ಅಂದಳು. ಇನ್ನು ಈ ಪೇಟೆಯಲ್ಲಿ ಯಾರೂ ನಿನಗೆ ಹೊಲಿಗೆ ಕೊಡದಂತೆ ಮಾಡುತ್ತೇನೆ ಅಂತಲೂ ಅಂದಳು.

ಹಿಂದಿಯಲ್ಲಿ ನನ್ನ ಸಿಟ್ಟು ತಡವರಿಸುತ್ತದೆ. ಚೀಲವನ್ನು ಅವಳ ಗಲ್ಲಾದ ಮೇಲಿಟ್ಟು ನನ್ನ ಮಾತಿನಲ್ಲೇ ಹೇಳಿದೆ. "ಇದು ಹೊಸಾದ ಐತ್ರಿ ಬಾಯಿ, ಒಮ್ಮೆನೂ ಹೊಚ್ಚಿಲ್ಲ. ಇದನ್ನ ಕತ್ತರಿಸಿ ಹೊಲಿಸ್ಕೋರಿ, ತುಳಿಯಾಕ ಚಲೋ ಆಗತೈತಿ."

ಅವಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಚೀಲವನ್ನೂ ನನ್ನನ್ನೂ ನೋಡಿದಳು, ಬಾಗಿಲ ಕಡೆ ಕೈ ತೋರಿಸಿದಳು. ನಾನು ಹೊರಗೆ ಬಂದೆ. ಅವಳು ಹೇಳಿದ ಹಾಗೆಯೇ ಮಾಡಿದಳು. ಆ ಚಳಿಗಾಲವಿಡೀ ನನಗೆ ಪೇಟೆಯ ಹೊಲಿಗೆ ಸಿಗಲಿಲ್ಲ. ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಮತ್ತೆ ಬುಟ್ಟಿ ಹೊತ್ತೆ.

ಅದು ಆಮೇಲಿನ ಮಾತು. ಅಂಗಡಿಯಿಂದ ಬಂದ ದಿನವೇ ಕೌದಿಯನ್ನು ಮಡಚಿ, ಇನ್ನೊಂದು ಕೌದಿಯ ಉಳಿದ ಪಟ್ಟಿಗಳ ಜೊತೆ ಕಾಕಿಯ ಮನೆಗೆ ಒಯ್ದೆ. ಒಂದು ಮೂಲೆಯನ್ನು ಮುಚ್ಚದೆ ಬಿಟ್ಟಿದ್ದೆ. ಅವಳ ಮಡಿಲಿಗೆ ಹಾಕಿ, ಇದು ಯಾರದು ಅನ್ನೋದು ನಂಗೊತ್ತಿಲ್ಲ, ಹೊಟ್ಟೆ ತುಂಬಿಸಿ ಕೊಡು ಅಂದೆ. ಮಾತಿನಲ್ಲಿ ಮುನಿಸು ಇತ್ತು, ಅವಳಿಗೂ ಅದು ಕೇಳಿಸಿತು.

ಕಾಕಿ ಸೆರಗಿನ ತುದಿ ಬಿಚ್ಚಿದಳು. ಅಲ್ಲಿತ್ತು ಗಂಟು. ನೀಲಿಯಾದ ಅರಿಶಿನ ಕೊಂಬನ್ನು ಹಾಗೆಯೇ ಇಟ್ಟು, ಬೆಂದ ಕಾಳು ತೆಗೆದು ಡಬ್ಬಿಯಿಂದ ಐದು ಹೊಸ ಜೋಳ ಹಾಕಿದಳು. ಮೂಲೆಯೊಳಗೆ ತೂರಿಸಿ ಹೆಬ್ಬೆರಳಿನಿಂದ ಒಳಕ್ಕೆ ದೂಡಿದಳು.

"ಮತ್ತ ಅವತ್ತ ನಂದಲ್ಲ ಅಂದಿ?" ಎಂದು ಕೇಳಿದೆ.

"ನಿನ್ನ ಸ್ವಾಂಟ ನಂಗ ಗೊತ್ತಿಲ್ಲೇನ" ಅಂದಳು, ನನ್ನ ಕಡೆ ನೋಡದೆ.

ಮಗಳ ಸೀರೆಗಳನ್ನು ಕಂಡವರ ಬಾಗಿಲಲ್ಲಿ ತುಳಿಯಲು ಬಿಟ್ಟು, ಬದಲಿಗೆ ನನ್ನ ಕೂತು ಮಾಡುವ ಕೆಲಸವನ್ನು ಉಳಿಸಲು ಹೊರಟಿದ್ದಳು ಈ ಮುದುಕಿ. ಒಬ್ಬಳು ಇಂಥ ಸುಳ್ಳು ಹೇಳಬೇಕಾಗಿ ಬಂತಲ್ಲ ಎಂಬ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಮೂಲೆ ಮುಚ್ಚಲು ಸೂಜಿಗೆ ದಾರ ಪೋಣಿಸಿ ನಾನೇ ಹೊಲಿಯತೊಡಗಿದೆ. ಒಳಗೆ ಮೊಮ್ಮಗಳು ಎದ್ದು ಗೋಡೆ ಹಿಡಿದು ಹೊರಗೆ ಬಂದು, ಕೌದಿಯ ಇನ್ನೊಂದು ತುದಿಯನ್ನು ಎಳೆದುಕೊಂಡು ಹೊಟ್ಟೆಯ ಮೇಲೆ ಹಾಕಿಕೊಂಡು ಕುಳಿತಳು. ಕಾಕಿ ನಾನು ಹೊಲಿದ ಜೋಡಣೆಗಳ ಮೇಲೆ ಬೆರಳು ಓಡಿಸುತ್ತಿದ್ದವಳು ತಟ್ಟನೆ ನನ್ನ ಕೈ ಹಿಡಿದಳು.

"ಹೊಲಿಗಿ ಸಡ್ಲ ಆಗ್ಯಾವ. ನೆಲಕ್ಕ ಹಾಸೂದು ಹೊಲದು ಕೈ ಕೆಡಿಸ್ಕೊಂಡಿ. ಜಗ್ಗು. ಕೌದಿ ಐತಿ ಇದು."

ಜಗ್ಗಿದೆ. ಇಷ್ಟು ದಿನ ತಡೆದು ಹಿಡಿದ ಕೈಯಿಂದ ಎಷ್ಟು ಬಲವಾಗಿ ಜಗ್ಗಿದೆನೆಂದರೆ ಆ ಮೂಲೆಯಲ್ಲಿ ಬಟ್ಟೆ ಸುಕ್ಕುಗಟ್ಟಿತು. ಸಡಿಲಿಸಲು ಹೋದರೆ ಕಾಕಿ ಇರಲಿ ಬಿಡು ಅಂದಳು.